ಅಕ್ಕಾತಾಯಿ ಹಸಿರು ಬಳೆ ಇಡಿಸಿಕೊಂಡ ತಿಂಗಳು

ನನ್ನ ಸೋದರತ್ತೆ ಅಕ್ಕಾತಾಯಿ 1927ರಲ್ಲಿ ಬೆಳಗಾವಿಯಲ್ಲಿ ನರ್ಸ್ ಪರೀಕ್ಷೆ ಪಾಸಾದಾಗ ಅನಗೋಳದ ನಮ್ಮ ಮನೆಯಲ್ಲಿ ಯಾರೂ ಒಂದು ಚೂರು ಬೆಲ್ಲ ಹಂಚಲಿಲ್ಲ. ನಮ್ಮಪ್ಪ ಭೂಪಾಲ, ಅವಳ ಸ್ವಂತ ಅಣ್ಣ, "ಕಂಡವರ ಹೊಲಸು ಬಳ್ಯಾಕ ಸರ್ಟಿಫಿಕೇಟ್ ಬ್ಯಾರೆ ಬೇಕೇನ?" ಎಂದನಂತೆ. ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳನ್ನು ವರ್ಷಗಟ್ಟಲೆ ಬಿಟ್ಟಿ ಆಳಿನಂತೆ ದುಡಿಸಿಕೊಂಡವನ ಮಾತು ಇದು. ಅಪ್ಪನೆಂದು ಮುಚ್ಚಿಟ್ಟು ಹೇಳುವವಳಲ್ಲ ನಾನು.

ಅವಳನ್ನು ಖಾನಾಪುರದ ಒಂದು ಸಣ್ಣ ದವಾಖಾನೆಗೆ ಹಾಕಿದರು. ಮೊದಲ ತಿಂಗಳು ಕೆಲಸ ನೋಡುತ್ತಾರೆ. ಕೊನೆಗೆ ಅಲ್ಲಿನ ಡಾಕ್ಟರ್ ಮಧುಕರರಾಯರು ಒಳ್ಳೆಯ ವರದಿ ಬರೆದರೆ ನೌಕರಿ ಕಾಯಂ. ಇಲ್ಲದಿದ್ದರೆ ಮತ್ತೆ ನಮ್ಮ ಮನೆಯ ಒಲೆ, ನಮ್ಮಪ್ಪನ ಬಾಯಿ.

ವರದಿ ಬೇಕೆಂದರೆ ಹೆರಿಗೆ ಮಾಡಿಸಬೇಕು. ಹೆರಿಗೆ ಮಾಡಿಸಬೇಕೆಂದರೆ ಯಾರಾದರೂ ಮನೆಯೊಳಗೆ ಬಿಟ್ಟುಕೊಳ್ಳಬೇಕು. ಕಲಿಯುವಾಗಲೇ ಬೆಳಗಾವಿಯ ರವಿವಾರ ಪೇಟೆಯ ಮೂರು ಮನೆಯವರು ಅವಳ ಬರಿ ಹಣೆ ನೋಡಿ ಬಾಗಿಲು ಹಾಕಿದ್ದರು. ಗಂಡ ಸತ್ತವಳ ಕೈ ತಗುಲಿದರೆ ಬಸುರಿಯ ಗಂಡನಿಗೆ ಆಯುಷ್ಯ ಕಡಿಮೆ ಎಂಬ ನಂಬಿಕೆ. ಸೂಲಗಿತ್ತಿಯ ತುಕ್ಕು ಹಿಡಿದ ಕುಡುಗೋಲು ಮಾತ್ರ ನಡೆಯುತ್ತಿತ್ತು.

ಅತ್ತೆ ಬೆಳಗಾವಿ ಬಿಡುವ ಮುನ್ನ ಬಳೆಗಾರನ ಮುಂದೆ ಕೈ ಚಾಚಿ ಹಸಿರು ಬಳೆ ಇಡಿಸಿಕೊಂಡಳು. ರೈಲಿನಲ್ಲಿ ಕುಂಕುಮ ಹಚ್ಚಿಕೊಂಡು ಕರಿಮಣಿ ಕಟ್ಟಿಕೊಂಡಳು. ಖಾನಾಪುರದಲ್ಲಿ ಇಳಿದಾಗ, ಕೇಳಿದವರ ಪಾಲಿಗೆ, ಅವಳ ಗಂಡ ಹುಬ್ಬಳ್ಳಿಯ ರೈಲ್ವೆಯಲ್ಲಿ ಕೆಲಸಕ್ಕಿದ್ದ. ಕಾಗದಪತ್ರ ನೋಡಿದ ಡಾಕ್ಟರಿಗೆ ಸತ್ಯ ಗೊತ್ತಿತ್ತು. ಅವರು ತುಟಿ ಬಿಚ್ಚಲಿಲ್ಲ.

ಮೂರನೇ ವಾರ ಅಕ್ಕಿ ವ್ಯಾಪಾರಿ ಜಿನಪಾಲನ ಮನೆಯಿಂದ ಕರೆ ಬಂತು. ಅವನ ಹೆಂಡತಿ ಚಂದ್ರವ್ವ ಎರಡು ದಿನದಿಂದ ನೋವು ತಿನ್ನುತ್ತಿದ್ದಳು, ಕೂಸಿನ ಕಾಲು ಮುಂದಾಗಿತ್ತು. ಸೂಲಗಿತ್ತಿ ಕೈ ಚೆಲ್ಲಿ ಕೂತಿದ್ದಳು. ಅತ್ತೆ ನಾಲ್ಕು ತಾಸು ಬೆವರು ಹರಿಸಿ ತಾಯಿ, ಕೂಸು ಇಬ್ಬರನ್ನೂ ಉಳಿಸಿದಳು. ಗಂಡು ಕೂಸು. ಜಿನಪಾಲನ ತಾಯಿ ಸೋನಾಬಾಯಿ ಅತ್ತೆಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು, "ನಿಮ್ಮ ಕೈಗುಣ ಭಾಳ ಛಲೋ ಐತ್ರಿ ಬಾಯಿ. ಐದನೇ ದಿನದ ಪೂಜಿಗೆ ಬರಬೇಕು, ಉಡಿ ತುಂಬತೇವಿ" ಎಂದಳು.

ಹೋಗಬಾರದಿತ್ತು. ಆದರೆ ಅಷ್ಟು ವರ್ಷದಲ್ಲಿ ಅವಳನ್ನು ಮಂಗಳಕಾರ್ಯಕ್ಕೆ ಕರೆದವರೇ ಇರಲಿಲ್ಲ. ಆಸೆಯಾಯಿತು, ಹೋದಳು. ಅದಕ್ಕೆ ಅವಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಆರತಿಗೆ ಬಂದ ಹೆಂಗಸರಲ್ಲಿ ಅನಗೋಳದ ನಮ್ಮ ಓಣಿಯ ಅಕ್ಕವ್ವನೂ ಇದ್ದಳು. ಉಡಿ ಒಡ್ಡಿ ಕುಳಿತ ಅತ್ತೆಯನ್ನು ನೋಡಿ, "ಅಯ್ಯ, ಇಕಿ ನಮ್ಮ ಭೂಪಾಲನ ತಂಗಿ ಅಲ್ಲೇನ? ಗಂಡ ಸತ್ತಾಕಿಗೆ ಉಡಿ ತುಂಬತೀರಿ?" ಎಂದಳು.

ಸೋನಾಬಾಯಿ ನಾಲ್ಕು ದಿನದ ಹಿಂದೆ ಕಣ್ಣಿಗೆ ಒತ್ತಿಕೊಂಡಿದ್ದ ಅದೇ ಕೈಗಳನ್ನು ಎಳೆದು ಬೀಸುಕಲ್ಲಿಗೆ ಬಡಿದಳು. ಬಳೆಯೆಲ್ಲ ಒಡೆದ ಮೇಲೂ ಬಡಿದಳು. ರಕ್ತ ಸುರಿಯುತ್ತಿದ್ದರೂ ಒಬ್ಬರೂ ಬಿಡಿಸಲಿಲ್ಲ. "ಇನ್ನೊಮ್ಮೆ ಈ ಹೊಸ್ತಿಲಾ ದಾಟಿದ್ರ ಬೆಳಗಾವಿ ಸಾಹೇಬರಿಗೆ ಅರ್ಜಿ ಕೊಡತೇನಿ. ನಿನ್ನ ನೌಕರಿ ಹೆಂಗ ಉಳೀತೈತಿ ನೋಡತೇನಿ!"

ಮರುದಿನ ಮಧ್ಯಾಹ್ನ ಜಿನಪಾಲ ಏದುಸಿರು ಬಿಡುತ್ತ ದವಾಖಾನೆಗೆ ಓಡಿಬಂದ. ಚಂದ್ರವ್ವನಿಗೆ ರಕ್ತ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಡಾಕ್ಟರು ಲೋಂಡಾ ಕಡೆ ಹೋಗಿದ್ದರು. ಅತ್ತೆ ಬಟ್ಟೆ ಸುತ್ತಿದ ಕೈಯಲ್ಲೇ ಚೀಲ ಹಿಡಿದು ಅವನ ಹಿಂದೆ ಓಡಿದಳು. ಕೈಯ ಬಟ್ಟೆ ಬಿಚ್ಚಿ, ಔಷಧಿ ನೀರಿನಲ್ಲಿ ತೊಳೆದುಕೊಂಡು ಬಾಣಂತಿಯ ಕೋಣೆಯ ಬಾಗಿಲಿಗೆ ಬಂದರೆ ಸೋನಾಬಾಯಿ ಅಡ್ಡ ನಿಂತಿದ್ದಳು.

ಒಳಗಿನಿಂದ ಚಂದ್ರವ್ವನ ಸಣ್ಣ ದನಿ ಬಂತು. "ಯಾರು, ಬಾಯಾರ? ಒಳಗ ಬರಬ್ಯಾಡ್ರಿ. ನೀವು ಮುಟ್ಟಿದ್ರ ನಮ್ಮ ಮನಿಯವರಿಗೆ ಏನಾರ ಆದೀತು."

ಅತ್ತೆ ಜಿನಪಾಲನ ಕಡೆ ತಿರುಗಿದಳು. "ನೀವು ಹೂಂ ಅನ್ರಿ ಸಾಕು. ಹೊಟ್ಟಿ ಒತ್ತಿ ಹಿಡದು ಔಷಧ ಕೊಟ್ರ ನಿಂದರತೈತಿ."

ತಾನೇ ಕರೆತಂದವನು ತಾಯಿಯ ಮುಖ ನೋಡಿದ. ತನ್ನ ಜೀವದ ಮಾತು ಕಿವಿಗೆ ಬಿದ್ದಿತ್ತಲ್ಲ. "ಅಕೀನ ಬ್ಯಾಡ ಅನ್ನಾಕತ್ತಾಳಲ್ರಿ," ಎಂದು ಎರಡು ಹೆಜ್ಜೆ ಹಿಂದೆ ಸರಿದ. ಥೂ ಅವನ!

ಅತ್ತೆ ತೊಳೆದ ಕೈ ಹಾಗೇ ಎತ್ತಿ ಹಿಡಿದುಕೊಂಡು ಹೊಸ್ತಿಲ ಆಚೆ ನಿಂತಳು. ದೀಪ ಹಚ್ಚುವ ಹೊತ್ತಿಗೆ ಚಂದ್ರವ್ವ ಸತ್ತಳು. ಅವಳಿಗೆ ಹದಿನೇಳು ವರ್ಷ.

ಸೋನಾಬಾಯಿ ಅರ್ಜಿ ಕೊಡಲಿಲ್ಲ. ಕೊಟ್ಟರೆ ಸಾವಿನ ವಿಚಾರಣೆಯಾದೀತೆಂದು ಹೆದರಿದಳು. "ಕಠಿಣ ಹೆರಿಗೆಯನ್ನು ಸುರಕ್ಷಿತವಾಗಿ ಮಾಡಿಸಿದ್ದಾಳೆ" ಎಂದು ಡಾಕ್ಟರು ವರದಿ ಬರೆದರು. ನೌಕರಿ ಕಾಯಂ ಆಯಿತು.

ಬಹಳ ವರ್ಷಗಳ ಮೇಲೆ ಅತ್ತೆ ಇದನ್ನೆಲ್ಲ ನನಗೆ ಹೇಳಿದಾಗ ನಾನು ಆ ತಾಯಿ, ಮಗ ಇಬ್ಬರಿಗೂ ಹಿಡಿಶಾಪ ಹಾಕಿದೆ.

"ಅವರನ್ನ ಯಾಕ ಬೈತಿ?" ಎಂದಳು ಅತ್ತೆ. "ಅಕಿ ಮುದುಕಿ, ಅಂವ ಅಂಜುಬುರುಕ. ಇಬ್ಬರನ್ನೂ ನೂಕಿ ಒಳಗ ಹೋಗೂವಷ್ಟು ಶಕ್ತಿ ನನಗಿತ್ತು. ಅರ್ಜಿ ಕೊಟ್ರ ನೌಕರಿ ಹೋಗತೈತಿ ಅಂತ ನಿಂತೆ."