ಆ ಸೀಟನ್ನು ಇಳಿಸಬಹುದಿತ್ತು

ಆ ಸೀಟನ್ನು ಇಳಿಸಬಹುದಿತ್ತು, ಶಕ್ಕೂ. ಇಳಿಸಲು ಬರುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಗೊತ್ತಿಲ್ಲದೆ ಹೇಳಿದ್ದಲ್ಲ, ಗೊತ್ತಿದ್ದೇ ಹೇಳಿದ್ದು — ನೀನು ಮಾಡಿಕೊಟ್ಟ ಚಹಾ ಕುಡಿಯುತ್ತಾ, ನಿನ್ನ ಮುಖ ನೋಡುತ್ತಲೇ.

ಇದನ್ನು ಎದುರು ಕೂತು ಹೇಳಬೇಕಿತ್ತು. ಈ ವಾರ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಟೈರಿನ ಗಾಳಿಯ ವಿಷಯ ಮಾತಾಡಿ ಎದ್ದುಹೋದೆ. ಕಟ್ಟಿಕೊಂಡ ಹೆಂಡತಿಗೆ ಒಂದು ಮಾತು ಹೇಳಲು ಕಾಗದ ಬೇಕಾಯಿತು ನೋಡು, ಅಂಥ ಗಂಡಸು ನಾನು.

ನಮ್ಮ ಆ ಕೆಂಪು ಗಾಡಿ — ಬೆಟ್ಟಕ್ಕೆಂದೇ ಮಾಡಿದ, ಹಗುರವಾದ, ತೆಳು ಮೈಯ ಮೋಟಾರ್ ಸೈಕಲ್ಲು. ಬೆಟ್ಟ ಸುತ್ತಲು ಇಬ್ಬರಿಗೂ ಅದೊಂದೇ. ಭಾನುವಾರ ಬೆಳಗ್ಗೆ ಉಪ್ಪಲ್‌ನಿಂದ ನಮ್ಮ ತಂಡ ಹೊರಡುತ್ತಿತ್ತಲ್ಲ, ಬೀದರ್, ಕಲಬುರ್ಗಿ, ರಾಯಚೂರು ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಏಳೆಂಟು ಜನ. ಹೋಗುವಾಗ ನಾನು ಓಡಿಸಬೇಕು, ಬರುವಾಗ ನೀನು. ನಲವತ್ತು ದಾಟಿದ ಮೇಲೆ ಗೇರು ಹಾಕಲು ಕಲಿತವಳು ನೀನು, ಕಲಿಸಿದವನು ನಾನು. ಅದನ್ನು ಎಲ್ಲರ ಮುಂದೆ ಹೇಳಿಕೊಂಡು ಮೀಸೆ ತಿರುವುತ್ತಿದ್ದೆ. ಗುರುವಿಗೇ ತಿರುಮಂತ್ರ ಹಾಕುವ ದಿನ ಬರುತ್ತದೆ ಎಂದು ನನಗೇನು ಗೊತ್ತು.

ಆ ದಿನ ಬಂದದ್ದು ಅನಂತಗಿರಿ ಗುಡ್ಡದಲ್ಲಿ. ಹಿಂದಿನ ದಿನ ಮಳೆಯಾಗಿತ್ತು. ಡಾಂಬರು ಬಿಟ್ಟು ಒಂದು ಕೆಂಪು ಮಣ್ಣಿನ ಏರು — ಮೇಲೆ ಹೋದರೆ ಇಡೀ ಕಾಡು ಕಾಣುತ್ತದೆ ಎಂದು ಎಲ್ಲರೂ ಹುಮ್ಮಸ್ಸಿನಲ್ಲಿದ್ದರು. ನಾನು ಹೊರಟೆ, ಅರ್ಧಕ್ಕೆ ಬಿದ್ದೆ. ಎದ್ದು ಮತ್ತೆ ಹೊರಟೆ, ಮತ್ತೆ ಬಿದ್ದೆ. ಆಗ ನೀನು ಬಂದು ಗಾಡಿ ತೆಗೆದುಕೊಂಡೆ. ಕಾಲಿಡುವ ಕಂಬಿಗಳ ಮೇಲೆ ಎದ್ದು ನಿಂತೆ. ಮಣ್ಣು ಎರಡೂ ಬದಿಗೆ ಹಾರಿತು, ಹಿಂದಿನ ಚಕ್ರ ಆ ಕಡೆ ಈ ಕಡೆ ಬಾಲ ಬೀಸಿತು, ನೀನು ಮಾತ್ರ ಅಲುಗಲಿಲ್ಲ. ಒಂದೇ ಉಸಿರಿಗೆ ಮೇಲೆ! ಅಲ್ಲಿಂದ ಹೆಲ್ಮೆಟ್ ತೆಗೆದು ನಕ್ಕೆಯಲ್ಲ — ಅಂಥ ನಗು ನಮ್ಮ ಮದುವೆಯ ದಿನವೂ ನಿನ್ನ ಮುಖದಲ್ಲಿ ನೋಡಿರಲಿಲ್ಲ. ನನ್ನ ಎದೆಯೂ ಕುಣಿಯಿತು, ಸುಳ್ಳು ಹೇಳುವುದಿಲ್ಲ.

ಆಗಲೇ ತಂಡದ ಹಿರಿಯ ಮಲ್ಲಣ್ಣ ನನ್ನ ಬೆನ್ನು ತಟ್ಟಿದ್ದು.

"ಗಾಡೀದೇನೂ ತಪ್ಪಿಲ್ರೀ ಸಾಹೇಬ್ರ. ಓಡಸಾಕ ಬರಬೇಕಷ್ಟ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಇರಬೇಕು. ಆದರೆ ಮಾತು ಒಳಗೆ ಹೋಗಿ ಕೂತಿತು. ಅಂದು ವಾಪಸ್ ಬರುವಾಗ ನಿನ್ನ ಹಿಂದೆ ಕೂತಿದ್ದೆ, ಮತ್ತು — ಹೇಗೆ ಬರೆಯಲಿ — ನೀನು ಒಂದು ತಿರುವಿನಲ್ಲಾದರೂ ತಪ್ಪಲಿ ಎಂದು ಕಾಯುತ್ತಿದ್ದೆ. ನೀನು ತಪ್ಪಲಿಲ್ಲ.

ಅದಾದ ಮೂರನೇ ವಾರ ನನಗೆ ದೊಡ್ಡ ಗಾಡಿಯ ಹುಚ್ಚು ಹಿಡಿಯಿತು.

ಹುಚ್ಚು ನಿಜವಾದದ್ದೇ. ಹಿಮಾಯತ್‌ನಗರದ ಷೋರೂಮಿನಲ್ಲಿ ಅದು ನಿಂತ ಠೀವಿ ನೋಡಿಯೇ ನಾನು ಮರುಳಾಗಿದ್ದೆ. ಕರಿ ಬಣ್ಣ, ಅಗಲ ಟ್ಯಾಂಕು, ಎತ್ತರದ ಸೀಟು, ಹಳೆಯದರ ಎರಡರಷ್ಟು ಶಕ್ತಿ. ಓಡಿಸಿ ನೋಡಿ ಎಂದು ಕೊಟ್ಟರು. ರಿಂಗ್ ರೋಡಿನ ಪಕ್ಕದ ರಸ್ತೆಯಲ್ಲಿ ಹಿಡಿ ತಿರುವಿದೆ ನೋಡು — ಗಾಡಿ ಬಾಣದ ಹಾಗೆ ಹಾರಿತು! ಐವತ್ತರ ಹತ್ತಿರ ಬಂದವನು ಹೆಲ್ಮೆಟ್ಟಿನೊಳಗೆ ಒಬ್ಬನೇ ಕೂಗಿದೆ. ನೀನು ಅಂದು ಫೋನಿನಲ್ಲಿ, "ಏನ್ರೀ, ಹಂಗ ಏದುಸಿರು ಬಿಡಾಕತ್ತೀರಿ?" ಎಂದು ಕೇಳಿದ್ದೆ.

ತಿಂಗಳಿಡೀ ಮನೆಯಲ್ಲಿ ಅದೇ ಮಾತು. ಹಳೆಯದನ್ನು ಕೊಟ್ಟು ಇದನ್ನು ತರುವುದೋ ಬೇಡವೋ? ನೀನು ನನಗಿಂತ ಹೆಚ್ಚು ಓದಿದೆ, ನನಗಿಂತ ಹೆಚ್ಚು ವಿಡಿಯೋ ನೋಡಿದೆ. ಹಗುರ ಗಾಡಿ ಬೆಟ್ಟದ ಮಣ್ಣಿಗೆ ಒಳ್ಳೆಯದು, ಭಾರದ್ದು ದೂರದ ದಾರಿಗೆ ಒಳ್ಳೆಯದು ಎಂದು ಇಬ್ಬರೂ ವಕೀಲರ ಹಾಗೆ ವಾದಿಸಿದೆವು. ಕೊನೆಗೆ ನಾನು ಲಡಾಖ್ ಹೆಸರು ತೆಗೆದೆ. ಇಬ್ಬರೂ ಸಾಮಾನು ಹೇರಿಕೊಂಡು ಹಿಮ ನೋಡಲು ಹೋಗೋಣ, ಈ ಕೆಂಪು ಕುದುರೆ ಅಷ್ಟು ಹೊರುವುದಿಲ್ಲ ಎಂದೆ. ನಿನ್ನ ಕಣ್ಣು ಅರಳಿತು. "ಹಂಗಾರ ತಗೋಳೂಣ್ರಿ!" ಎಂದವಳು ನೀನೇ. ಹೌದು, ಒಪ್ಪಿದ್ದು ನೀನೇ — ಐದು ವರ್ಷ ನನಗೆ ನಾನು ಹೇಳಿಕೊಂಡು ಬಂದದ್ದು ಇದನ್ನೇ. ಆದರೆ ನಿನಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತಲ್ಲ.

ಗಾಡಿ ತರಲು ಹೋದ ದಿನ ಷೋರೂಮಿನ ಮೆಕ್ಯಾನಿಕ್ ಸಲೀಂ ಭಾಯಿ ನನ್ನನ್ನು ಪಕ್ಕಕ್ಕೆ ಕರೆದಿದ್ದ. ನೀನು ಹೊರಗೆ ನಿಂಬೆಹಣ್ಣು, ಹೂವು ಹಿಡಿದು ಪೂಜೆಗೆ ಅಣಿ ಮಾಡುತ್ತಿದ್ದೆ. "ಮೇಡಂ ಬೀ ಚಲಾತೇ ಕ್ಯಾ ಸಾಬ್? ಸೀಟ್ ನೀಚೆ ಕರ್ ದೇತೂಂ. ಆಧೇ ದಿನ್ ಕಾ ಕಾಮ್," ಎಂದ. ಮೇಡಂ ಕೂಡ ಓಡಿಸುವುದಾದರೆ ಸೀಟು ಇಳಿಸಿಕೊಡುತ್ತೇನೆ, ಅರ್ಧ ದಿನದ ಕೆಲಸ ಎಂದು. ಸ್ಪಂಜು ಸ್ವಲ್ಪ ಕತ್ತರಿಸಿ, ಹಿಂದಿನ ಸ್ಪ್ರಿಂಗಿನ ಹತ್ತಿರದ ಒಂದು ಪಟ್ಟಿ ಬದಲಿಸಿದರೆ ಮೂರು ಬೆರಳು ಇಳಿಯುತ್ತದೆ, ಕಾಲು ನೆಲಕ್ಕೆ ಎಟಕುತ್ತದೆ ಎಂದು ಕೈಯಲ್ಲಿ ಅಳೆದು ತೋರಿಸಿದ.

"ನಹೀಂ, ಮೇಡಂ ನಹೀಂ ಚಲಾತೇ," ಎಂದೆ. ಇಲ್ಲ, ಮೇಡಂ ಓಡಿಸುವುದಿಲ್ಲ ಎಂದು.

ಇಷ್ಟೇ ನಡೆದದ್ದು. ನೀನು ಹತ್ತು ಹೆಜ್ಜೆ ದೂರದಲ್ಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆ.

ಎರಡು ದಿನ ಬಿಟ್ಟು ನಮ್ಮ ಅಪಾರ್ಟ್‌ಮೆಂಟಿನ ಇಳಿಜಾರಿನಲ್ಲಿ ನೀನು ಆ ಗಾಡಿ ಹತ್ತಿದೆ. ಶುರು ಮಾಡಿದೆ, ಎರಡು ಮಾರು ಹೋದೆ, ನಿಲ್ಲಿಸಿ ಕಾಲು ಕೆಳಗೆ ಚಾಚಿದೆ. ನಿನ್ನ ಕಾಲು ನೆಲ ಹುಡುಕಿತು. ಸಿಗಲಿಲ್ಲ. ಅಷ್ಟು ಭಾರ ಒಂದು ಕಡೆಗೆ ವಾಲಿದರೆ ಯಾರಿಂದ ತಡೆಯಲಾದೀತು! ಮೆಲ್ಲಗೆ, ನಿನ್ನನ್ನೂ ಎಳೆದುಕೊಂಡು ಅದು ಮಲಗಿತು. ಕನ್ನಡಿ ಒಡೆಯಿತು. ನಿನ್ನ ಮೊಣಕೈ ತರಚಿತ್ತು, ಆದರೆ ನೀನು ಅದನ್ನು ನೋಡಿಕೊಳ್ಳಲೂ ಇಲ್ಲ. "ತಪ್ಪಾತ್ರೀ... ಹೊಸಾ ಗಾಡಿ ಹಾಳ ಮಾಡಿದೆ..." ಎಂದು ನನ್ನ ಮುಂದೆ ಅತ್ತೆ. ನೀನು. ನನ್ನ ಮುಂದೆ.

ಸಂಜೆ ಚಹಾ ಕೊಡುತ್ತಾ ನೀನು ಕೇಳಿದೆ — "ಸೀಟ್ ಒಂದೀಟು ಇಳಸಾಕ ಬರೂದಿಲ್ಲೇನ್ರಿ?"

"ಕಂಪನಿಯವರು ಹಂಗಽ ಮಾಡಿರ್ತಾರ. ಅದಕ್ಕ ಕೈ ಹಚ್ಚಾಕ ಬರೂದಿಲ್ಲ."

ಕೈಯಲ್ಲಿದ್ದ ಚಹಾ ಪೂರ್ತಿ ಕುಡಿದೆ. ಸಕ್ಕರೆ ಸರಿಯಾಗಿತ್ತು ಎಂದೂ ಹೇಳಿದ ನೆನಪು.

ಆಮೇಲೆ ನೀನು ಹಿಂದಿನ ಸೀಟಿನವಳಾದೆ. ಭಾನುವಾರಗಳು ನಿಲ್ಲಲಿಲ್ಲ, ಶ್ರೀಶೈಲದ ಘಾಟು, ನಾಗಾರ್ಜುನಸಾಗರ, ಎಲ್ಲಾ ಸುತ್ತಿದೆವು. ಲಡಾಖ್ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಗಾಡಿ ಹಾರಿಸಿದಾಗ ನನಗಾದ ಖುಷಿ ಸುಳ್ಳಲ್ಲ, ಈಗಲೂ ಅದರ ಸದ್ದು ಕೇಳಿದರೆ ರಕ್ತ ಬಿಸಿಯಾಗುತ್ತದೆ. ಮಣ್ಣಿನ ದಾರಿಗೆ ನಾನು ಮತ್ತೆ ಹೋಗಲಿಲ್ಲ. ಇಷ್ಟು ದೊಡ್ಡ ಗಾಡಿ ಇರುವವನನ್ನು ಯಾರೂ ಮಣ್ಣಿಗೆ ಕರೆಯುವುದಿಲ್ಲ. ಅದೂ ನನಗೆ ಅನುಕೂಲವೇ ಆಯಿತು. ನೀನು ಹಿಂದೆ ಕೂತು ಶೇಂಗಾ ಹೋಳಿಗೆಯ ಡಬ್ಬಿ ಹಿಡಿದಿರುತ್ತಿದ್ದೆ. ಮಲ್ಲಣ್ಣ ಒಮ್ಮೆ, "ಯಾಕ್ರೀ ಅಕ್ಕಾರ, ಓಡಸೂದು ಬಿಟ್ರಿ?" ಎಂದು ಕೇಳಿದಾಗ, "ಧೈರ್ಯ ಹೋತ್ರಿ, ವಯಸ್ಸಾತಲ್ಲ," ಎಂದೆ ನೀನು. ನಾನು ಪಕ್ಕದಲ್ಲೇ ನಿಂತಿದ್ದೆ. ಅದರ ಮುಂದಿನ ವರ್ಷ ನೀನು ಆಫೀಸಿಗೆ ಹೋಗುತ್ತಿದ್ದ ಸ್ಕೂಟರನ್ನೂ ನಿನ್ನ ತಂಗಿಯ ಮಗಳಿಗೆ ಕೊಟ್ಟುಬಿಟ್ಟೆ. ಟ್ರಾಫಿಕ್ಕು ಇನ್ನು ನನ್ನಿಂದಾಗದು, ಮೆಟ್ರೋ ಸಾಕು ಎಂದೆ. ಒಂದು ಗಾಡಿ ಕೈ ತಪ್ಪಿಸಲು ಹೋದವನು — ನಿನ್ನಿಂದ ಇಷ್ಟೆಲ್ಲ ಹೋಗುತ್ತದೆ ಎಂದು ಎಣಿಸಿರಲಿಲ್ಲ. ಎಣಿಸದೆ ಇದ್ದದ್ದು ನೆಪವಲ್ಲ.

ಈಗ ಮತ್ತೆ ಅದೇ ಷೋರೂಮು, ಮತ್ತೆ ಅದಲುಬದಲು. ಇದಕ್ಕಿಂತ ಭಾರದ್ದು, ಜೋಡಿ ಸಿಲಿಂಡರಿನದ್ದು ಬಂದಿದೆ. ಈ ಸಲ ನನಗಿಂತ ನಿನಗೇ ಸಡಗರ. "ಇದರಾಗ ಹೋದರ ಹಿಮಾ ನೋಡೇ ಬರೂದ್ರಿ, ನಾ ಗಟ್ಟಿ ಹಿಡಕೊಂಡು ಕೂಡ್ತೀನಿ," ಎಂದು ಸ್ವೆಟರಿನ ಲೆಕ್ಕ ಕೂಡ ಹಾಕಿದ್ದೀ. ಕಳೆದ ಶನಿವಾರ ನಾನು ಕಾಗದಗಳ ಮೇಲೆ ಸಹಿ ಮಾಡಲು ಪೆನ್ನು ತೆಗೆದಿದ್ದೆ. ನೀನು ಹೊಸ ಗಾಡಿಯ ಟ್ಯಾಂಕಿನ ಮೇಲೆ ಕೈಯಾಡಿಸುತ್ತಿದ್ದೆ. ಅಲ್ಲಿ ಕೆಲಸ ಮಾಡುವ ಹುಡುಗಿ ನಗುತ್ತಾ ಕೇಳಿದಳು, "ಆಂಟೀ, ಮೀರು ಕೂಡಾ ನಡುಪುತಾರಾ?" ನೀವೂ ಓಡಿಸುತ್ತೀರಾ ಎಂದು.

ನೀನು ಕೈ ಹಿಂದಕ್ಕೆ ತೆಗೆದುಕೊಂಡೆ. "ಲೇದಮ್ಮಾ. ನಾಕು ಭಯಂ." ಇಲ್ಲಮ್ಮ, ನನಗೆ ಭಯ ಎಂದು.

ನಾನು ಸಹಿ ಮಾಡಲಿಲ್ಲ. ಕಾಗದ ಸರಿಯಿಲ್ಲ ಎಂದು ನಿನ್ನನ್ನು ಕರೆದುಕೊಂಡು ಬಂದೆ. ಅದೂ ಇನ್ನೊಂದು ಸುಳ್ಳು.

ಒಂದು ಉಪಾಯ ಹೊಳೆದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಗುಟ್ಟಾಗಿ ಈ ಕರಿ ಗಾಡಿಯ ಸೀಟು ಇಳಿಸಿ ನಿನ್ನ ಹುಟ್ಟುಹಬ್ಬಕ್ಕೆ ಕೊಡುವುದು, ನೀನು ಬೆರಗಾಗುವುದು, ನಾನು ದೊಡ್ಡವನಾಗುವುದು. ಕದ್ದದ್ದನ್ನೇ ಉಡುಗೊರೆ ಎಂದು ಕೊಡುವ ಉಪಾಯ. ಎರಡು ದಿನ ಅದರ ಸಂಭ್ರಮದಲ್ಲೇ ಇದ್ದೆ ಎಂದರೆ ನಾನು ಎಂಥವನು ನೋಡು.

ಇನ್ನು ಯಾವ ಗಾಡಿ ಇರಬೇಕು, ಯಾವುದು ಹೋಗಬೇಕು ಎಂದು ನಾನು ಹೇಳುವುದಿಲ್ಲ. ನೀನು ಬೈಯಿ, ಮಾತು ಬಿಡು, ಮಲ್ಲಣ್ಣನ ಮುಂದೆ ಈ ಕಾಗದ ಓದಿ ಹೇಳು — ಏನು ಮಾಡಿದರೂ ಅದು ನಿನ್ನ ಹಕ್ಕು. ಆದರೆ ಇನ್ನೊಮ್ಮೆ ಯಾರಾದರೂ ಕೇಳಿದರೆ ಭಯ ಅನ್ನಬೇಡ, ಶಕ್ಕೂ. ಅದು ನಿನ್ನದಲ್ಲ. ಅಂದು ಆ ಏರಿನ ಕೆಳಗೆ ನಿಂತು, ನಿನ್ನನ್ನು ನೋಡಿ ಹೆದರಿದವನು ನಾನು.