ಗಂಗವ್ವನ ಪಾಠಾಂತರ

1979ರ ಜೂನ್‌ನಲ್ಲಿ ನನಗೆ ಖಾನಾಪುರದ ಪ್ರೌಢಶಾಲೆಗೆ ಇಂಗ್ಲಿಷ್ ಶಿಕ್ಷಕಿಯಾಗಿ ವರ್ಗವಾಯಿತು. ನಾನು ತುಮಕೂರಿನವಳು. ಮದುವೆಯಾಗಿರಲಿಲ್ಲ, ಮೂವತ್ತೆಂಟು ದಾಟಿದ್ದರಿಂದ ಆಗೆಂದು ಹೇಳುವವರೂ ಸುಸ್ತಾಗಿದ್ದರು. ಖಾನಾಪುರದಲ್ಲಿ ಸಂತೆಯ ಮಾತು ಮರಾಠಿ, ಓಣಿಯ ಮಾತು ಅರ್ಧ ಮರಾಠಿ ಅರ್ಧ ಕನ್ನಡ, ಆ ಕನ್ನಡವೂ ನನ್ನ ಕನ್ನಡವಲ್ಲ. ನಾನು ಬಾಯಿ ಬಿಟ್ಟರೆ ಅಂಗಡಿಯವನು ನಗುತ್ತಿದ್ದ. ನಗುವುದರಲ್ಲಿ ಕೆಟ್ಟದ್ದೇನೂ ಇರಲಿಲ್ಲವೆಂದು ಈಗ ಗೊತ್ತು. ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಬಾಡಿಗೆ ಮನೆಯ ಯಜಮಾನಿ ಮೊದಮೊದಲು ಸಂಜೆ ಕಟ್ಟೆಯ ಮೇಲೆ ಕುಳಿತು, “ಬರ್ರಿ ಬಾಯಾರ, ಕುಂದರ್ರಿ” ಎಂದು ಕರೆಯುತ್ತಿದ್ದರು. ಅಲ್ಲಿ ಶಿಕ್ಷಕಿಯರನ್ನು ಬಾಯಾರು ಎನ್ನುತ್ತಾರೆ. ನಾನು, “ಪೇಪರ್ ತಿದ್ದುವುದಿದೆ, ನೋಡೋಣ” ಎಂದು ಒಳಗೆ ಹೋಗುತ್ತಿದ್ದೆ. ಕೆಲವು ವಾರ ಕರೆದರು, ಆಮೇಲೆ ಬಿಟ್ಟರು. ಶಾಲೆ ಬಿಟ್ಟ ಮೇಲೆ ಮರುದಿನದ ಗಂಟೆ ಹೊಡೆಯುವವರೆಗೆ ನಾನು ಯಾರ ಜೊತೆಯೂ ಮಾತಾಡದ ದಿನಗಳೇ ಹೆಚ್ಚು. ಭಾನುವಾರಗಳು ಇನ್ನೂ ಉದ್ದ.

1980ರ ಡಿಸೆಂಬರ್‌ನ ಅಂಥದ್ದೊಂದು ಭಾನುವಾರ ಮಧ್ಯಾಹ್ನ ಗಂಗವ್ವ ಬಂದಳು. ಹಲಸಿಯ ಕಡೆಯ ರೈತರ ಮನೆಯ ಹೆಣ್ಣು, ಗಂಡ ತೀರಿಕೊಂಡ ಮೇಲೆ ಖಾನಾಪುರದ ಬಾಲವಾಡಿಯಲ್ಲಿ ಮಕ್ಕಳ ಮೂಗು ಒರೆಸುವ ಆಯಾ ಆಗಿದ್ದಳು. ಹೊರಗಿನ ಅಭ್ಯರ್ಥಿಯಾಗಿ, ಅಂದರೆ ಶಾಲೆಗೆ ಹೋಗದೆ, ಎಸ್ಸೆಸ್ಸೆಲ್ಸಿ ಕಟ್ಟಿ ಉಳಿದ ವಿಷಯಗಳನ್ನೆಲ್ಲ ದಾಟಿದ್ದಳು.

“ಇಂಗ್ಲಿಷ್ ಒಂದ ಉಳದೈತ್ರಿ ಬಾಯಾರ” ಎಂದಳು ಬಾಗಿಲಲ್ಲೇ ನಿಂತು. “ಅದು ಪಾಸಾದ್ರ ಬೆಳಗಾವಿಗೆ ಟ್ರೇನಿಂಗಿಗೆ ಕಳಸ್ತಾರ, ಬಾಲವಾಡಿ ಟೀಚರ್ ಆಗ್ತೀನಿ. ಈ ಸರ್ತಿ ಹೋತಂದ್ರ ವಯಸ್ಸ ದಾಟತೈತ್ರಿ. ಆಮ್ಯಾಲ ಆಯಾ ಅಂದ್ರ ಆಯಾನ.”

ನಾನು “ನೋಡೋಣ” ಎನ್ನುವಷ್ಟರಲ್ಲಿ ಆಕೆ ಒಳಗೆ ಬಂದು ಕುಳಿತಾಗಿತ್ತು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನವೂ ಪಾಠ.

ಹಿಂದಿನ ಬೇಸಿಗೆ ನಾನು ಬೆಳಗಾವಿಯ ಕ್ಯಾಂಪಿನಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಎದುರಿಗೆ ಕಟ್ಟುಗಟ್ಟಲೆ ಪತ್ರಿಕೆಗಳಿದ್ದಾಗ ಕೆಂಪು ಪೆನ್ಸಿಲು ಎಲ್ಲವನ್ನೂ ಓದುವುದಿಲ್ಲ. ಪದ್ಯದ ಮೇಲಿನ ಪ್ರಬಂಧದಲ್ಲಿ ಅದು ಮೂರು ಕಡೆ ನಿಲ್ಲುತ್ತದೆ. ಮೊದಲನೆಯದು ಪಾಯಿಂಟ್, ಅಂದರೆ ನೀವು ಹೇಳಬಯಸುವ ಮಾತು. ಎರಡನೆಯದು ಕೊಟೇಶನ್, ಆ ಮಾತಿಗೆ ಆಧಾರವಾಗಿ ಪದ್ಯದ ಸಾಲನ್ನು ಒಂದಕ್ಷರ ಆಚೀಚೆಯಾಗದಂತೆ ಎತ್ತಿ ಬರೆಯುವುದು. ಮೂರನೆಯದು ಎಕ್ಸ್‌ಪ್ಲನೇಶನ್, ಆ ಸಾಲು ಈ ಮಾತನ್ನು ಹೇಗೆ ಹೊರುತ್ತದೆ ಎಂಬ ವಿವರಣೆ. ಮೂರನ್ನೂ ನಾನೇ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದೆ. ಸ್ವಂತ ಬುದ್ಧಿ ಪರೀಕ್ಷೆಯ ನಂತರ ಎಂದು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಿದ್ದರು. ನಾನು ತಮಾಷೆಗೆ ಹೇಳುತ್ತಿರಲಿಲ್ಲ.

“ಪಾಠಾಂತರ ಮಾಡಾಕ ನಾ ಹೆದರೂದಿಲ್ರಿ” ಎಂದಳು ಗಂಗವ್ವ. ನನಗೆ ಕ್ಷಣ ಹೊತ್ತು ತಿಳಿಯಲಿಲ್ಲ. ನಾನು ಕಲಿತ ಕನ್ನಡದಲ್ಲಿ ಪಾಠಾಂತರವೆಂದರೆ ಒಂದು ಪ್ರತಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಬೇರೆ ರೀತಿ ಇರುವ ಪಾಠ. ಆಕೆ ಮೊದಲ ನಾಲ್ಕು ಇಯತ್ತೆ ಮರಾಠಿ ಶಾಲೆಯಲ್ಲಿ ಓದಿದವಳು. ಆಕೆಗೆ ಪಾಠಾಂತರವೆಂದರೆ ಬಾಯಿಪಾಠ. ಕೆಲವೇ ವಾರಗಳಲ್ಲಿ ಆಕೆ ಎರಡೂ ಅರ್ಥಗಳನ್ನು ಸಾಧಿಸಿ ತೋರಿಸಿದಳು.

ಪಠ್ಯದಲ್ಲಿ ಒಂದು ಚಿಕ್ಕ ಪದ್ಯವಿತ್ತು, ಕಡಲ ದಂಡೆಯ ಗುಡಿಸಿಲಿನಲ್ಲಿ ಒಬ್ಬನೇ ಇರುವ ಮುದುಕನದು. ಅವನ ಬಾಗಿಲನ್ನು ಯಾರೂ ತಟ್ಟುವುದಿಲ್ಲ ಎಂಬ ಸಾಲು ಅದರ ಜೀವಾಳ. ಮುದುಕನಿಗೆ ಒಂಟಿತನವಿತ್ತೇ ಎಂಬ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಖಾತ್ರಿಯಿತ್ತು. ಗಂಗವ್ವ ಇಡೀ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು, ಈ ಸಾಲೊಂದನ್ನು ಬಿಟ್ಟು. ‘ಹಿಸ್ ಡೋರ್’ ಎನ್ನಬೇಕಾದಲ್ಲಿ ಪ್ರತಿ ಸಲವೂ ‘ಮೈ ಡೋರ್’. ಪುಸ್ತಕ ನೋಡಿ ಬರೆದರೆ ಸರಿ ಬರೆಯುವಳು. ಮುಚ್ಚಿದರೆ ಮತ್ತೆ ಮೈ. ಅಂಚಿನಲ್ಲಿ ನಿಂತವಳಿಗೆ ಒಂದು ಅಂಕವೂ ದೊಡ್ಡದು. ಹಿಂದಿನ ಸಲ ಆಕೆ ಮೂವತ್ತೊಂದಕ್ಕೆ ನಿಂತಿದ್ದಳು, ಬೇಕಾಗಿದ್ದದ್ದು ಮೂವತ್ತೈದು.

ಫೆಬ್ರುವರಿಯಲ್ಲಿ ನನ್ನ ತಾಳ್ಮೆ ಮುಗಿಯಿತು. “ಯಾರ ಬಾಗಿಲಮ್ಮಾ ಅದು? ನಿನ್ನದಾ?” ಎಂದು ಗದರಿದೆ.

ಗಂಗವ್ವ ತಲೆ ತಗ್ಗಿಸಿದಳು. “ನಂದಲ್ರಿ ಬಾಯಾರ, ನಿಮ್ದು” ಎಂದಳು. “ಮೊದಲನೇ ದಿನ ನನ್ನ ಹತ್ರ ಪುಸ್ತಕ ಇರಲಿಲ್ಲ. ನೀವ ಬಾಯಿಲೆ ಹೇಳಿದ್ರಿ. ಮೈ ಅಂತನ ಹೇಳಿದ್ರಿ. ಕಿವ್ಯಾಗ ಬಿದ್ದದ್ದು ಹಂಗ ಕುಂತ ಬಿಟ್ಟೈತಿ.”

“ಸಾಧ್ಯವೇ ಇಲ್ಲ. ಹತ್ತು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ” ಎಂದೆ. ಸಾಬೀತು ಮಾಡಲೆಂದೇ ಪುಸ್ತಕ ಮುಚ್ಚಿಟ್ಟು ಪದ್ಯವನ್ನು ಗಟ್ಟಿಯಾಗಿ ಹೇಳುತ್ತಾ ಬಂದೆ. ಆ ಸಾಲಿಗೆ ಬಂದಾಗ ನನ್ನ ನಾಲಿಗೆ ‘ಮೈ ಡೋರ್’ ಎಂದಿತು.

ನನ್ನ ಕಿವಿಗೇ ಕೇಳಿಸಿತು. ಕಣ್ಣು ತುಂಬಿ ಬಂತು, ಅದನ್ನು ಅಡಗಿಸಲು ಹೊದಿಕೆಯಿಲ್ಲದ ಪುಸ್ತಕಕ್ಕೆ ಹೊದಿಕೆ ಹಾಕುವವಳಂತೆ ಹಳೆಯ ಪತ್ರಿಕೆ ಹುಡುಕತೊಡಗಿದೆ. ಗಂಗವ್ವ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಚಾ ಮಾಡ್ಲೇನ್ರಿ?” ಎಂದು ಎದ್ದು ಸ್ಟೋವಿಗೆ ಪಂಪು ಹೊಡೆದಳು. ನನ್ನ ಅಡುಗೆಮನೆಯಲ್ಲಿ ಎರಡನೆಯ ಲೋಟ ಎಲ್ಲಿದೆಯೆಂದು ಆ ದಿನ ನಾನೇ ಹುಡುಕಬೇಕಾಯಿತು.

ಅಲ್ಲಿಂದ ಮುಂದೆ ಇಬ್ಬರೂ ಆ ಸಾಲನ್ನು ಕಲಿತೆವು. ನಾನು ಮೈ ಎಂದರೆ ಆಕೆ, “ಹಿಸ್ ಅನ್ರಿ ಬಾಯಾರ” ಎನ್ನುವಳು, ಆಕೆ ಎಡವಿದರೆ ನಾನು ಕಣ್ಣು ಬಿಡುವೆ. ಮಾರ್ಚ್ ಮುಗಿಯುವ ಹೊತ್ತಿಗೆ ಇಬ್ಬರ ಬಾಯಲ್ಲೂ ಹಿಸ್ ಗಟ್ಟಿಯಾಯಿತು. ಒಂಟಿತನವಿಲ್ಲ, ಕಡಲೇ ಅವನ ಸಂಗಾತಿ, ಜನರ ಹಂಗು ಅವನಿಗೆ ಬೇಡ ಎಂದು ನಾನು ಬರೆಸಿದ್ದ ವಿವರಣೆಯೂ ಆಕೆಗೆ ನೀರು ಕುಡಿದಷ್ಟು ಸಲೀಸಾಗಿತ್ತು.

ಏಪ್ರಿಲ್‌ನಲ್ಲಿ ಬೆಳಗಾವಿಯ ಕೇಂದ್ರದಲ್ಲಿ ಪರೀಕ್ಷೆ. ಗಂಗವ್ವ ಬಸ್ಸಿಳಿದವಳೇ ನನ್ನ ಮನೆಗೆ ಬಂದಳು. ಪ್ರಶ್ನೆ ಬಂದಿತ್ತು. ಕೊಟೇಶನ್ ಸರಿಯಾಗಿ ಬರೆದಿದ್ದಳು. ವಿವರಣೆ ಮಾತ್ರ ನನ್ನದು ಬರೆದಿರಲಿಲ್ಲ.

“ಮರೆತುಹೋಯಿತಾ?” ಎಂದೆ.

“ನೆನಪಿತ್ರಿ. ಬರೀಲಿಲ್ಲ. ಅದು ಖರೇ ಇಲ್ಲಂತ ಅನಸ್ತು.”

“ಮತ್ತೇನು ಬರೆದೆ?”

“ಆ ಮುದುಕಗ ಮಂದಿ ಬ್ಯಾಡಾಗಿಲ್ಲ, ಕರಿಯಾಕ ಬರೂದಿಲ್ಲ ಅಂತ ಬರದೀನ್ರಿ. ಬಾಗಿಲಾ ತೆರದಿಟ್ಟಾನಂತ ಮಂದಿಗಿ ಗೊತ್ತಿಲ್ಲ, ಅದಕ್ಕ ಯಾರೂ ಬಡಿಯೂದಿಲ್ಲ ಅಂತ. ನನಗ ಬಂದಷ್ಟು ಇಂಗ್ಲಿಷಿನ್ಯಾಗ.”

ನಾನು ರೇಗಿದೆ. ಗೈಡಿನಲ್ಲಿಲ್ಲದ ಉತ್ತರಕ್ಕೆ ಅಂಕ ಕೊಡುವ ಪರೀಕ್ಷಕರನ್ನು ನಾನು ಕ್ಯಾಂಪಿನಲ್ಲಿ ಹೆಚ್ಚು ಕಂಡಿರಲಿಲ್ಲ. ಒಂದು ಉತ್ತರದ ಹಟಕ್ಕೆ ಜೀವಮಾನವಿಡೀ ಆಯಾ ಆಗಿ ಉಳಿಯುತ್ತೀಯಾ ಎಂದು ಕೂಗಾಡಿದೆ. ಆಕೆ ಬರೆದದ್ದು ಯಾವ ಮುದುಕನ ಬಗ್ಗೆಯೂ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಫಲಿತಾಂಶ ಬರುವವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಜೂನ್‌ನಲ್ಲಿ ಫಲಿತಾಂಶ ಬಂತು. ಇಂಗ್ಲಿಷಿಗೆ ಮೂವತ್ತೆಂಟು. ಯಾವ ಪರೀಕ್ಷಕ ಆ ಉತ್ತರ ಓದಿ ಏನೆಂದುಕೊಂಡನೋ ತಿಳಿಯದು. ಗಂಗವ್ವ ಬೆಳಗಾವಿಯಿಂದ ಕುಂದಾ ತಂದು ನನ್ನ ಬಾಯಿಗೇ ಇಟ್ಟಳು. ಟ್ರೇನಿಂಗಿಗೆ ಮರುವಾರವೇ ಹೊರಡಬೇಕಿತ್ತು.

“ಇನ್ನ ಐತವಾರಕ್ಕ ಬರಾಕ ಆಗೂದಿಲ್ರಿ. ನೀವ ಬರ್ರಿ ಬೆಳಗಾವಿಗೆ.”

“ನೋಡೋಣ” ಎಂದೆ.

“ನೀವ ನೋಡೋಣ ಅಂದ್ರ ಬರೂದಿಲ್ಲಂತ ಅರ್ಥ. ಖರೇ ಹೇಳ್ರಿ.”

ಖುಷಿ ಪಡಬೇಕಾದ ದಿನ ನನಗೆ ಬರುವ ಭಾನುವಾರದ ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಂತಿತ್ತು. ಎರಡು ವರ್ಷ ಆ ಊರಿನಲ್ಲಿದ್ದರೂ ಅಲ್ಲಿಯ ಮಾತನ್ನು ನಾನು ಒಮ್ಮೆಯೂ ಆಡಿರಲಿಲ್ಲ. “ಬರ್ತೀನ್ರಿ” ಎಂದೆ. ಉಚ್ಚಾರ ಕೆಟ್ಟಿತ್ತು. ಗಂಗವ್ವ ಬಾಯಿ ತುಂಬ ನಕ್ಕಳು, ನನಗೂ ನಗು ಬಂತು.

ಆಮೇಲೆ ನಿವೃತ್ತಿಯಾಗುವವರೆಗೂ ನಾನು ಪಾಯಿಂಟ್ ಹೇಳಿಕೊಟ್ಟೆ, ಕೊಟೇಶನ್ ಬಾಯಿಪಾಠ ಮಾಡಿಸಿದೆ, ಒಂದಕ್ಷರ ತಪ್ಪಿದರೂ ಗದರಿದೆ. ವಿವರಣೆಯನ್ನು ಮಾತ್ರ ಯಾರಿಗೂ ಬರೆಸಲಿಲ್ಲ. ಅದು ಪುಸ್ತಕ ನೋಡಿ ಬರುವುದಲ್ಲ, ಎದುರಿಗಿರುವ ಮನುಷ್ಯರನ್ನು ನೋಡಿ ಬರುವುದು. ಇಷ್ಟನ್ನು ಕಲಿಸಿಕೊಟ್ಟವಳಿಗೆ ಆ ಪರೀಕ್ಷೆಯಲ್ಲಿ ಬಂದದ್ದು ಮೂವತ್ತೆಂಟು.