ತಕ್ಕಡಿ ಮೇಷ್ಟ್ರ ಕಡತದ ಆ ಒಂದು ಸಾಲು

ಪ್ಯಾರಾಚೂಟು ಬಿಚ್ಚಿಕೊಂಡು ಆಕಾಶದಿಂದ ಒಬ್ಬರೇ ಇಳಿದು ಬರುವುದು ಒಂದು ವಿದ್ಯೆ. ಬಿಚ್ಚಿಕೊಂಡ ನಾಲ್ಕು ಪ್ಯಾರಾಚೂಟುಗಳನ್ನು ಗಾಳಿಯಲ್ಲೇ ಒಂದರ ಕೆಳಗೊಂದು ತಂದು, ಮೇಲಿನವರು ಕೆಳಗಿನವರ ಹಗ್ಗಗಳಿಗೆ ಪಾದ ಸಿಕ್ಕಿಸಿ, ನಾಲ್ವರೂ ಒಂದೇ ಏಣಿಯಾಗಿ ಇಳಿಯುವುದು ಬೇರೆಯೇ ವಿದ್ಯೆ. ಈ ಕೂಡುಹಾರಾಟದಲ್ಲಿ ಮೂವತ್ತನಾಲ್ಕು ವರ್ಷ ತಾವೂ ಹಾರಿ, ಮುನ್ನೂರಕ್ಕೂ ಮಿಕ್ಕಿ ಜನರನ್ನು ಹಾರಿಸಿ, ಅಷ್ಟೂ ಜನರನ್ನು ಕ್ಷೇಮವಾಗಿ ಮನೆಗೆ ಕಳಿಸಿದ ಹಿರಿಯರೊಬ್ಬರು ಈ ತಿಂಗಳು ತರಬೇತಿ ಕೇಂದ್ರದಿಂದ ನಿವೃತ್ತರಾಗುತ್ತಿದ್ದಾರೆ. ದಾಖಲೆಯಲ್ಲಿ ಅವರು ಮುಖ್ಯ ತರಬೇತುದಾರರು. ಉಳಿದವರಿಗೆಲ್ಲ ಅವರು ತಕ್ಕಡಿ ಮೇಷ್ಟ್ರು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಹಾರಲು ಬಂದವರು ಮಂತ್ರಿಯಾಗಲಿ ಮಾಣಿಯಾಗಲಿ, ಬೂಟು ಹೆಲ್ಮೆಟ್ಟು ಸಮೇತ ಮೊದಲು ಉಗ್ರಾಣದ ತೂಕದ ಯಂತ್ರ ಹತ್ತಬೇಕು. ನಾಲ್ವರೂ ಒಂದೇ ವೇಗದಲ್ಲಿ ಇಳಿದರೆ ಮಾತ್ರ ಕೂಡುಹಾರಾಟ. ಅದಕ್ಕೇ ಭಾರದವರಿಗೆ ಪ್ಯಾರಾಚೂಟಿನ ಅಗಲ ಬಟ್ಟೆ, ಹಗುರದವರಿಗೆ ಕಿರಿದು, ತೀರಾ ಹಗುರವಾದರೆ ಸೊಂಟಕ್ಕೆ ಸೀಸದ ಪಟ್ಟಿ. ಚುರುಕಾಗಿ ತಿರುಗುವ ಹೊಸ ಮಾದರಿ ತಂದು ಮೆರೆಯುವವರಿಗೆ, "ಒಬ್ಬನೇ ಹಾರುವಾಗ ಅದು ಕುದುರೆ ಕಣಪ್ಪ, ನಾಲ್ಕು ಜನರ ಮಧ್ಯೆ ಗೂಳಿ" ಎಂದು ಅದನ್ನು ಕಪಾಟಿಗೆ ಸೇರಿಸುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು "ಮೈ ಇದ್ದಷ್ಟು ಛತ್ರಿ ಬಿಚ್ಚು" ಎಂದು ತಿದ್ದಿ, ಪ್ಯಾರಾಚೂಟು ಮಡಚುವ ಕೋಣೆಯ ಗೋಡೆಗೆ ತಾವೇ ಬರೆದು ಅಂಟಿಸಿದ್ದರು.

ಹನ್ನೆರಡು ವರ್ಷದ ಹಿಂದೆ ಈ ಲೇಖಕಿ ಅಲ್ಲಿಗೆ ಕಾಲಿಟ್ಟಾಗ ಆಕೆ ಹೈಸ್ಕೂಲಿನ ಗಣಿತ ಶಿಕ್ಷಕಿ, ವಯಸ್ಸು ಮೂವತ್ತೊಂಬತ್ತು. ಗಂಡನ ಮನೆಯಲ್ಲೂ ತವರಿನಲ್ಲೂ "ಇವಳಿಗೇನು ತಲೆ ಕೆಟ್ಟಿದೆಯಾ?" ಎಂಬ ಒಂದೇ ಪ್ರಶ್ನೆ. ಮೇಷ್ಟ್ರು ಆ ಪ್ರಶ್ನೆ ಕೇಳಲಿಲ್ಲ. ಮಡಚುವ ಉದ್ದನೆಯ ಮೇಜಿನ ಮುಂದೆ ಆಕೆಯನ್ನು ಮೂರು ತಿಂಗಳು ನಿಲ್ಲಿಸಿ, ಒಂದೊಂದು ಹಗ್ಗವನ್ನೂ ಬೆರಳಿನಿಂದ ತಡವಿ ಸವಕಳಿ ಕಂಡುಹಿಡಿಯಲು ಕಲಿಸಿದರು. ಶಾಲೆಯ ಪರೀಕ್ಷೆಯ ದಿನಗಳಲ್ಲಿ ಆಕೆಯ ಪಾಲಿನ ಮಡಚುವ ಕೆಲಸವನ್ನೂ ತಾವೇ ಮಾಡಿಟ್ಟು, ಕೇಳಿದರೆ "ಯಾರೋ ಮಾಡಿರಬೇಕು" ಎಂದು ಆಚೆ ನೋಡುತ್ತಿದ್ದರು.

ಇನ್ನು ಆ ದಿನದ ಮಾತು. ಆಕೆಯ ಮೊದಲ ನಾಲ್ವರ ಏಣಿ! ಖುಷಿಯಲ್ಲಿ ಬೆಳಗಿನ ತಿಂಡಿಯನ್ನೂ ಮರೆತು ಬಂದಿದ್ದಳು. ತೂಕದ ಯಂತ್ರ ರಿಪೇರಿಗೆ ಹೋಗಿತ್ತು, ಮೋಡ ಕವಿಯುವುದರಲ್ಲಿತ್ತು, ವಿಮಾನದ ಎಂಜಿನ್ ಆಗಲೇ ಗುಡುಗುತ್ತಿತ್ತು. ಮೇಷ್ಟ್ರು ಓಡುತ್ತಲೇ ಕೇಳಿದರು: "ಟೀಚರಮ್ಮ, ತೂಕ ಎಷ್ಟು?"

ಪಕ್ಕದಲ್ಲಿ ತಂಡದ ಇಬ್ಬರು ಗಂಡಸರು, ಒಬ್ಬ ಬಡಗಿ, ಒಬ್ಬ ಬಸ್ ಚಾಲಕ, ಕಿವಿ ನೆಟ್ಟಗೆ ಮಾಡಿ ನಿಂತಿದ್ದರು. ಎದುರಿಗೆ ಎರಡು ಪ್ಯಾರಾಚೂಟು: ಒಂದು ಹೊಸ, ಕಿರಿದಾದ ನೀಲಿ, ಇನ್ನೊಂದು ಎಲ್ಲರೂ "ಶಾಮಿಯಾನ" ಎಂದು ಆಡಿಕೊಳ್ಳುವ, ಬಣ್ಣ ಮಾಸಿದ ಅಗಲ ಕಿತ್ತಳೆ.

"ಐವತ್ತೆಂಟು" ಎಂದಳು ಲೇಖಕಿ. ಅದು ಮದುವೆಯ ವರ್ಷದ ತೂಕ. ಅಂದಿನ ತೂಕ ಅರವತ್ತಾರು. ಲೆಕ್ಕದ ಮೇಡಂ ಎಂಟು ಕಿಲೋ ನುಂಗಿ, ನೀಲಿಯನ್ನು ಬೆನ್ನಿಗೇರಿಸಿಕೊಂಡು ಮದುವಣಗಿತ್ತಿಯಂತೆ ವಿಮಾನ ಹತ್ತಿದಳು. ಛತ್ರಿ ಬುದ್ಧಿ ಎಂದರೆ ಇದೇ ಅಲ್ಲವೇ!

ಗಾಳಿ ಸುಳ್ಳನ್ನು ಕ್ಷಣದಲ್ಲಿ ಹಿಡಿಯಿತು. ಬಡಗಿ ಮೇಲೆ, ಚಾಲಕ ಅವನ ಕೆಳಗೆ, ಮೇಷ್ಟ್ರು ಮೂರನೆಯವರು. ನಾಲ್ಕನೆಯವಳು ಮೆಲ್ಲಗೆ ಬಂದು ಸೇರಬೇಕಿತ್ತು. ಚಿಕ್ಕ ಬಟ್ಟೆಗೆ ಹೆಚ್ಚು ಭಾರ ಬಿದ್ದು, ಆಕೆ ಅಡ್ಡದಿಂದ ನುಗ್ಗಿ ನೇರವಾಗಿ ಮೇಷ್ಟ್ರ ಪ್ಯಾರಾಚೂಟಿಗೇ ಹೊಕ್ಕಳು. ಚಾಲಕ ಕೂಡಲೇ ಕಾಲು ಬಿಡಿಸಿಕೊಂಡು ದೂರ ಸರಿದ. ಆಕೆಯ ಮುಖ, ಕೈಗೆಲ್ಲ ಬಟ್ಟೆ ಸುತ್ತಿಕೊಂಡಿತು. ಅಬ್ಬಾ, ಆ ಕತ್ತಲೆ! ಕೆಳಗಿನಿಂದ ಮೇಷ್ಟ್ರ ದನಿ ಕೇಳಿಸಿತು. ಆಕೆಗೆ ಎಂದೂ ಏಕವಚನ ಬಳಸದವರು ಅಂದು ಮಗಳನ್ನು ಕೂಗುವಂತೆ ಕೂಗಿದರು: "ಗಾಬರಿಯಾಗ್ಬೇಡ! ಎತ್ತರ ಬೇಕಾದಷ್ಟಿದೆ. ನಾನು ಕಳಚ್ಕೊಳ್ತೀನಿ, ನೀನು ಬಟ್ಟೆ ಕಿತ್ತು ಬಿಸಾಕು!"

ಕಳಚಿಕೊಂಡೇಬಿಟ್ಟರು. ಅವರ ಭಾರ ಹೋದದ್ದೇ ಬಟ್ಟೆ ಸಡಿಲಾಯಿತು. ಆಕೆ ಅದನ್ನು ಒದರಿ, ಬೂಟಿಗೆ ಸಿಕ್ಕಿದ್ದ ಎರಡು ಹಗ್ಗಗಳನ್ನು ಕೊಕ್ಕೆ ಚಾಕುವಿನಿಂದ ಕತ್ತರಿಸಿ ಇಳಿದಳು. ಮೇಷ್ಟ್ರ ಮೀಸಲು ಪ್ಯಾರಾಚೂಟು ಅರಳಿತು. ಆದರೆ ಅವರು ಇಳಿದದ್ದು ಕಲ್ಲಿನ ದಿಬ್ಬದ ಮೇಲೆ. ಪಾದದ ಮೂಳೆ ಮುರಿಯಿತು.

ವಿಚಾರಣಾ ಸಮಿತಿಯ ಮುಂದೆ ಮೇಷ್ಟ್ರು ಊರುಗೋಲು ಹಿಡಿದು ನಿಂತು ಒಂದೇ ಮಾತು ಹೇಳಿದರು: "ತೂಕ ನೋಡೋದು ನನ್ನ ಕೆಲಸ. ನಾನು ನೋಡ್ಲಿಲ್ಲ." ಹಿಂದಿನ ಸಾಲಿನಲ್ಲಿದ್ದ ಲೇಖಕಿ ಕುರ್ಚಿಯಿಂದ ಏಳಲಿಲ್ಲ. ಅವರ ಕಡತದಲ್ಲಿ ಕೆಂಪು ಶಾಯಿಯ ಸಾಲೊಂದು ಬಿತ್ತು: "ತರಬೇತುದಾರರ ಅಜಾಗರೂಕತೆಯಿಂದ ತಪ್ಪು ಪ್ಯಾರಾಚೂಟಿನ ಆಯ್ಕೆ." ಒಂದು ವರ್ಷ ಪಾಠ ಮಾಡುವಂತಿಲ್ಲ ಎಂದೂ ಆಯಿತು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಅವರ ಮೇಲೆ ಬಿದ್ದ ಕಪ್ಪುಚುಕ್ಕೆ ಅದೊಂದೇ.

ವರ್ಷ ಕಳೆದು ಬಂದವರು ಮೊದಲ ದಿನವೇ ಆಕೆಯನ್ನು ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಅರವತ್ತಾರಕ್ಕೆ ನಿಂತಿತು. ಮೇಷ್ಟ್ರು ಮುಳ್ಳು ನೋಡಿದರು, ಆಕೆಯ ಮುಖ ನೋಡಿದರು, ಬರೆದುಕೊಂಡರು, ಶಾಮಿಯಾನವನ್ನು ಕೈಗಿಟ್ಟರು.

"ಮೇಷ್ಟ್ರೇ, ಅವತ್ತು ನಾನು..."

"ಮೊದ್ಲು ಹಾರಿ ಟೀಚರಮ್ಮ. ಆಮೇಲೆ ಮಾತಾಡೋಣ."

ನಾಲ್ವರೂ ಹಾರಿದರು! ಆ ಮುದಿ ಕಿತ್ತಳೆ ಬಟ್ಟೆ ಎಳೆದತ್ತ ಬಂತು, ಹೇಳಿದಲ್ಲಿ ನಿಂತಿತು. ಮೇಷ್ಟ್ರ ಎರಡೂ ಪಾದಗಳು ಆಕೆಯ ಹಗ್ಗಗಳಿಗೆ ಬಂದು ಸಿಕ್ಕಿಕೊಂಡಾಗ ನಾಲ್ವರೂ ಒಟ್ಟಿಗೆ ಹಾಕಿದ ಕೇಕೆಗೆ ಕೆಳಗಿನ ಮೈದಾನದಲ್ಲಿದ್ದವರು ಕತ್ತೆತ್ತಿದರಂತೆ. ಅಂಥ ಸಂತೋಷ ಆಕೆಗೆ ಅದುವರೆಗೂ ಆಗಿರಲಿಲ್ಲ. ಆದರೆ ಆ "ಆಮೇಲೆ" ಹತ್ತು ವರ್ಷವಾದರೂ ಬರಲಿಲ್ಲ. ಮೇಷ್ಟ್ರು ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು. ಆಕೆ ಅದನ್ನು ಅಲ್ಲೇ ಇರಲು ಬಿಟ್ಟಳು.

ಹೋದ ವಾರ ಮಡಚುವ ಕೋಣೆಗೆ ಹೋಗಿ ಆಕೆ ಈ ಲೇಖನವನ್ನು ಇಲ್ಲಿಯವರೆಗೆ ಓದಿ ಹೇಳಿದಳು. "ಹಳೇ ಕಥೆ, ಬಿಡಿ ಟೀಚರಮ್ಮ" ಎಂದರು. ಬಿಡುವುದಿಲ್ಲ ಎಂದಾಗ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡು, "ಹಂಗಾದ್ರೆ ಬರೀರಿ. ಓದಿದೋರಲ್ಲಿ ಒಬ್ಬರಾದ್ರೂ ನಿಜವಾದ ತೂಕ ಹೇಳ್ತಾರೆ" ಎಂದರು.

ಮೇಷ್ಟ್ರು ನೂರು ತುಂಬಿ ಬಾಳಲಿ, ಮುರಿದು ಕೂಡಿದ ಆ ಪಾದ ಇನ್ನೂ ಎಷ್ಟೋ ಹೊಸಬರ ಹಗ್ಗಗಳಿಗೆ ಆಸರೆಯಾಗಲಿ, ಅವರ ಬೈಗುಳ ಕೇಳದೆ ಯಾವ ಪ್ಯಾರಾಚೂಟೂ ಆ ಕೋಣೆಯಿಂದ ಹೊರಡದಿರಲಿ. ಸಮಿತಿಯ ಹಿರಿಯರಲ್ಲಿ ಒಂದು ಪ್ರಾರ್ಥನೆ: ಅವರು ಬಾಗಿಲು ದಾಟುವ ಮೊದಲು ಆ ಕೆಂಪು ಸಾಲನ್ನು ಹೊಡೆದುಹಾಕಿ. ಇಷ್ಟು ಹೊತ್ತು "ಲೇಖಕಿ", "ಆಕೆ" ಎಂದು ಮರೆಯಲ್ಲಿ ನಿಂತು ಬರೆದದ್ದಾಯಿತು. ಸುಳ್ಳು ಹೇಳಿದವಳು ನಾನು.